ಕೆರೆಯ ದಂಡೆಯ ಕಣ

ಮಿಶ್ರಿಕೋಟಿಯ ಯಲ್ಲೇಶ ಹದಿನೈದು ವರ್ಷ ನೌಕಾಪಡೆಯಲ್ಲಿದ್ದು, ಕಾರವಾರದಲ್ಲಿ ವಿಂಡ್‌ಸರ್ಫಿಂಗ್ ಕಲಿತು, ಒಂದು ಹಳೆಯ ಹಲಗೆ ಮತ್ತು ಹಾಯಿಯೊಂದಿಗೆ ಊರಿಗೆ ಮರಳಿದ. ಹಲಗೆಯ ಮೇಲೆ ನಿಂತು, ಹಾಯಿಗೆ ಗಾಳಿ ಹಿಡಿಸಿ ನೀರಿನ ಮೇಲೆ ಸಾಗುವ ಆ ಆಟವನ್ನು ಊರ ಕೆರೆಯಲ್ಲಿ ಕಲಿಸಬೇಕೆಂಬುದು ಅವನ ಆಸೆ. ಅದಕ್ಕೆ ಪಂಚಾಯಿತಿಯ ಒಪ್ಪಿಗೆ ಬೇಕಿತ್ತು.

ಅಡ್ಡ ಬಂದದ್ದು ಸುಂಟರಗಾಳಿ. ಮಾರ್ಚ್ ಬಿಸಿಲಿಗೆ ಕಾದ ಹೊಲಗಳಿಂದ ಎದ್ದು ಅದು ಕೆರೆಗೆ ಇಳಿಯುತ್ತಿತ್ತು. ಎರಡು ವಾರದಲ್ಲಿ ಎರಡು ಸಲ ಅವನನ್ನು ಹಾಯಿ ಸಮೇತ ಎತ್ತಿ ಒಗೆದಿತ್ತು. ಗಾಳಿಯ ವೇಗ ಅಳೆಯುವ ಪುಟ್ಟ ಯಂತ್ರವೊಂದು ಅವನ ಮುಂಗೈಗಿತ್ತು. ಎರಡು ಸಲವೂ ಅದು ಸೊನ್ನೆ ತೋರಿಸಿದಾಗ, ತುಸು ಬಿಡುವಾಯಿತೆಂದು ಅವನು ಹಗುರಾಗಿ ನಿಂತಿದ್ದ.

ತಾಯಿ ದುಂಡವ್ವ ದಂಡೆಗೆ ಹೊಂದಿಕೊಂಡ ಕಣದಲ್ಲಿ ಕಡಲೆ ತೂರುತ್ತಿದ್ದಳು.

"ಗಾಳಿ ಸತ್ತಾಗನ ಅದು ಬರ್ತೈತಲೇ," ಅಂದಳು. "ಹೊಟ್ಟು ನೆಟ್ಟಗ ಕಾಲಾಗ ಬಿತ್ತಂದ್ರ ನಾ ಸುತ್ತ ಹೊಲಾ ನೋಡ್ತೀನಿ. ಎಲ್ಲೆರ ಧೂಳ ತಿರಗಾಕ ಹತ್ತಿದ್ರ ರಾಶಿ ಮ್ಯಾಲೆ ತಾಡಪತ್ರಿ ಹೊಚ್ಚತೀನಿ. ನೀ ಮಷಿನ್ ನೋಡ್ಕೋತ ನಿಂದರ್ತಿ."

ಯಂತ್ರ ಹೇಳುತ್ತಿದ್ದುದು ಅವನು ನಿಂತ ಜಾಗದ ಗಾಳಿಯನ್ನು ಮಾತ್ರ.

ಭಾನುವಾರ ಪಂಚಾಯಿತಿ ಅಧ್ಯಕ್ಷ ಕಾಶಿನಾಥ ನೋಡಲು ಬಂದ. "ಇವತ್ತೂ ಬಿದ್ದ್ಯಂದ್ರ ಮುಗೀತಪಾ. ಮಂದೀ ಮಕ್ಕಳನ್ನ ನಿನ್ನ ಕೈಯಾಗ ಹೆಂಗ ಕೊಡೂಣು?"

"ನೋಡ್ರಿ ಕಾಕಾ," ಎಂದು ಯಲ್ಲೇಶ ನೀರಿಗಿಳಿದ.

ಎರಡು ಸಲ ಕೆರೆ ದಾಟಿದ. ಮೂರನೆಯ ಸಲ ನಡುಮಧ್ಯದಲ್ಲಿ ಹಾಯಿ ಜೋತುಬಿತ್ತು. ಅವನು ಮುಂಗೈ ನೋಡಲಿಲ್ಲ, ಕಣ ನೋಡಿದ. ದುಂಡವ್ವ ಮೊರ ಒಗೆದು ತಾಡಪತ್ರಿ ಎಳೆಯುತ್ತಿದ್ದಳು. ಅವನು ಹಾಯಿಯನ್ನು ನೀರಿಗೆ ಕೆಡವಿ, ಹಲಗೆಯ ಮೇಲೆ ಬೋರಲು ಮಲಗಿದ.

"ಯಾಕಲೇ, ಕಾಲ ನಡಗಿದ್ವೇನು?" ಕಾಶಿನಾಥ ನಕ್ಕ. ನಗು ಮುಗಿಯುವ ಮೊದಲೇ ಅವನ ಟೊಪ್ಪಿಗೆ ಹಾರಿತು. ಧೂಳು, ಹೊಟ್ಟು ಹೊತ್ತ ಕಂಬವೊಂದು ದಂಡೆಯಿಳಿದು, ನೀರು ಚಿಮ್ಮಿಸಿ, ಹಲಗೆಯನ್ನು ಎರಡು ಸುತ್ತು ತಿರುಗಿಸಿ ಆಚೆ ಹೋಯಿತು. ಯಲ್ಲೇಶ ಹಲಗೆಯ ಮೇಲೆಯೇ ಇದ್ದ.

ಕಾಶಿನಾಥ ಮೊಣಕಾಲುದ್ದದ ನೀರಿಗಿಳಿದು ಟೊಪ್ಪಿಗೆ ತಂದು ಹಿಂಡುತ್ತ, ತಾಡಪತ್ರಿ ಹೊದ್ದ ಕಡಲೆ ರಾಶಿಯನ್ನು ನೋಡಿದ. "ಒಪ್ಪಿಗಿ ಕೊಡ್ತೀನಿ. ಆದ್ರ ನಿಮ್ಮವ್ವ ತೂರೂವಾಗ ಅಷ್ಟ ನೀರಿಗೆ ಇಳೀಬೇಕು."

"ನಾಳಿಗೆ ನನ್ನ ಕಡ್ಲಿ ಮುಗೀತಾವ್ರಿ," ಅಂದಳು ದುಂಡವ್ವ. "ಆಮ್ಯಾಲೆ ಬರೇ ಹೊಟ್ಟ ತೂರ್ಲೇನು?"

ಹಾಗೆಯೇ ಆಯಿತು. ಈಗ ಅಲ್ಲಿ ಹನ್ನೆರಡು ಮಂದಿ ಕಲಿಯುತ್ತಾರೆ. ಸರದಿಯಂತೆ ಒಬ್ಬರು ದಂಡೆಯಲ್ಲಿ ನಿಂತು ಮೊರದಿಂದ ಹೊಟ್ಟು ಉದುರಿಸುತ್ತಾರೆ. ಅದು ನೆಟ್ಟಗೆ ಬಿದ್ದರೆ ಹೊಲದ ಕಡೆ ನೋಡುತ್ತಾರೆ. ಹೊಟ್ಟಿನ ಚೀಲ ದುಂಡವ್ವನ ಮನೆಯಿಂದ ಬರುತ್ತದೆ.