ಕೊಟ್ರನ ಪಾಲಿನ ತೋಳ

೧೯೯೪ರಲ್ಲಿ ಏಳನೆಯ ತರಗತಿಗೇ ಶಾಲೆಗೆ ಶರಣು ಹೊಡೆದು ಹೊಲಿಗೆ ಮಷಿನ್ ಮುಂದೆ ಕುಳಿತವನು ನಾನು. ಪುಸ್ತಕ ಮತ್ತೆ ಮುಟ್ಟಲಿಲ್ಲ; ಅದಕ್ಕೆ ಬೇಜಾರೂ ಇಲ್ಲ. ನಾನು ಹೊಲಿದ ಪ್ಯಾಂಟು ಹಾಕಿಕೊಂಡೇ ಕೊಟ್ಟೂರಿನ ಎಷ್ಟೋ ಹುಡುಗರು ಪದವಿ ತಂದಿದ್ದಾರೆ. ಅಂಥವನು ಇವತ್ತು ಮಧ್ಯಾಹ್ನ, ಇಯರ್‌ಫೋನಿನ ಜೋತಾಡುವ ತುದಿ ಮಷಿನ್ನಿನ ಗಾಲಿಗೆ ಸುತ್ತಿಕೊಂಡಿತೆಂದು ಕೆಲಸ ನಿಲ್ಲಿಸಿ ಕೂತೆನೆಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ.

ಆ ತುದಿ ಕೊಟ್ರನದು. ಹನ್ನೆರಡು ವರ್ಷ ನನ್ನ ಎಡಕ್ಕೆ ಕೂತು ಹೊಲಿದ ಜೊತೆಗಾರ. ನನ್ನ ಮಗಳು ಫೋನಿನಲ್ಲಿ ಒಂದು ಕಥೆ ಹಾಕಿಕೊಟ್ಟಿದ್ದಳು: ಯಾವುದೋ ಮಹಾನಗರದಲ್ಲಿ ಹುಣ್ಣಿಮೆಗೊಮ್ಮೆ ತೋಳವಾಗುವ ಗಂಡಸು, ಅವನನ್ನು ಕೊಲ್ಲಲು ಹೊರಟು ಕೊಲ್ಲಲಾರದ ಮಾಟಗಾತಿ, ಮುಗಿಯದ ಕಂತುಗಳು. ಕೊಟ್ರನ ಬಳಿ ಗುಂಡಿ ಒತ್ತುವ ಹಳೇ ಫೋನು. ಆದ್ದರಿಂದ ಒಂದು ತುದಿ ನನ್ನ ಕಿವಿಗೆ, ಒಂದು ಅವನ ಕಿವಿಗೆ. ವೈರು ಗಿಡ್ಡವೆಂದು ಎರಡೂ ಮಷಿನ್ ಹತ್ತಿರಕ್ಕೆ ಎಳೆದು, ನೊಗಕ್ಕೆ ಹೂಡಿದ ಎತ್ತುಗಳಂತೆ ಕೂತೆವು. ತೋಳ ಮೊದಲ ಸಲ ಊಳಿಟ್ಟಾಗ ನಾನು ಮೇಷ್ಟ್ರೊಬ್ಬರ ಅಂಗಿಯ ಕಿಸೆಯ ಬಾಯಿಯನ್ನೇ ಹೊಲಿದುಬಿಟ್ಟೆ.

"ಇದ್ರಾಗ ಕೈ ಹೋಗವಲ್ದಲ್ಲ," ಎಂದರು ಅವರು.

"ನಿಮ್ಮ ಖರ್ಚು ಕಡಿಮಿ ಆಗ್ಲಿ ಅಂತ ಮಾಡೀವ್ರಿ ಸಾರ್," ಎಂದ ಕೊಟ್ರ.

ಕುಪ್ಪಸ ಹೊಲಿಸಲು ಬಂದ ಗೌರಮ್ಮಜ್ಜಿ ಕಥೆ ಕೇಳಿ ತಕರಾರು ತೆಗೆದಳು. "ಹುಣ್ಣಿವಿಗೆ ಮಂದಿ ಹೋಳಿಗಿ ತಿಂತಾರ. ತೋಳ ಆಗೋದಿದ್ರ ಅಮಾಸಿಗೆ ಆಗ್ಬೇಕಿಲ್ಲೇನು?"

"ಅಲ್ಲಿ ಹೋಳಿಗಿ ಸಿಗಂಗಿಲ್ಲಬೇ. ಆ ಸಿಟ್ಟಿಗೇ ತೋಳ ಆಗ್ತಾನ," ಎಂದ ಕೊಟ್ರ.

ಹೀಗೆ ನಗಿಸುತ್ತಿದ್ದವನು ಒಂದು ದಿನ ದಾರ ಕಚ್ಚಿ ಹರಿಯುತ್ತಾ, ಹಡಗಲಿಯಲ್ಲಿ ಸ್ವಂತ ಅಂಗಡಿ ಹಿಡಿದಿದ್ದೇನೆ, ಹುಣ್ಣಿಮೆಗೆ ಪೂಜೆ ಎಂದ. ಹೋಗಬೇಡ ಎನ್ನುವ ಮಾತು ನನ್ನ ಗಂಟಲವರೆಗೆ ಬಂತು. ಆದರೆ ಯಾರ ಮುಂದೆಯೂ ಕೈಚಾಚದೆ ಬೆಳೆದವನಲ್ಲವೇ, ನುಂಗಿಕೊಂಡೆ. ಹೊರಗೆ ಬಂದದ್ದು ಇಷ್ಟೇ:

"ಹುಣ್ಣಿವಿ ಬ್ಯಾಡಲೇ. ಅವತ್ತು ಅವ್ನು ತೋಳ ಆಗ್ತಾನ."

"ನಾನೇನು ಹಡಗ್ಲಿಗೆ ಹೋಗಿ ಊಳಿಡ್ತೀನೇನಣ್ಣ?" ನಕ್ಕು, ಮಷಿನ್ನನ್ನು ಟಂಟಂ ಗಾಡಿಗೆ ಏರಿಸಿದ.

ಆಗ ಕಥೆಯಲ್ಲಿ ಮಾಟಗಾತಿ ಚಾಕು ಹಿಡಿದು ಆ ತೋಳದ ಗಂಡಸಿನ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಅಲ್ಲೇ ನಿಲ್ಲಿಸಿ ವಾರಗಟ್ಟಲೆ ಬರೀ ಹಾಡು ಕೇಳಿದೆ. ಮಗಳು ವಿಚಾರಿಸಿದರೆ, ಹೆಂಗಸರ ಕಥೆ, ಯಾರು ಕೇಳ್ತಾರೆ ಎಂದೆ.

ಇವತ್ತು ಗಾಲಿಯಿಂದ ಆ ತುದಿ ಬಿಡಿಸಿದವನು, ಕಥೆಗೆ ನನ್ನ ಫೋನು ಬಿಟ್ಟು, ಹೆಂಡತಿಯ ಫೋನು ಇಸಿದುಕೊಂಡು ಕೊಟ್ರನಿಗೆ ಹಚ್ಚಿದೆ.

"ಏನಣ್ಣ?"

"ಏನಿಲ್ಲ. ಆಕಿ ಬಾಗ್ಲಾಗ ನಿಂತಿದ್ಲು."

ಅತ್ತ ಮಷಿನ್ ಓಡುತ್ತಲೇ ಇತ್ತು. "ಒಳಗ ಹೋದ್ಲೇನು?"

"ನಾನೂ ಕೇಳಿಲ್ಲಲೇ. ನೀ ಇಲ್ದ ಹೆಂಗ ಕೇಳ್ಲಿ?"

ಮಷಿನ್ನಿನ ಸದ್ದು ನಿಂತಿತು. "ಕಥಿ ಹಚ್ಚಣ್ಣ. ಫೋನ್ ಇಡಬ್ಯಾಡ."

ಈಗ ನನ್ನ ಬಳಿ ಇರುವುದು ಇಷ್ಟು: ಅಂಗಡಿ ಒಂದು, ಮಷಿನ್ ಒಂದು, ಕಿವಿಯಲ್ಲಿ ಒಂದು ತುದಿ, ಎಡಗಡೆಯ ಖಾಲಿ ಸ್ಟೂಲಿನ ಮೇಲೆ ಹೆಂಡತಿಯ ಫೋನಿಗೆ ಒತ್ತಿಟ್ಟ ಇನ್ನೊಂದು ತುದಿ.