ಅತ್ತಿಗೆಯ ಮಣ್ಣಿನ ನಾಯಿಗಳು

ನನ್ನ ಅತ್ತಿಗೆಯನ್ನು ಮನೆಯಂಗಳದಲ್ಲಿ ಕಟ್ಟಿಹಾಕಿದವಳು ನಾನು. ಅಣ್ಣನಲ್ಲ, ಅವ್ವನಲ್ಲ, ಊರಿನವರೂ ಅಲ್ಲ — ನಾನು. ಹಗ್ಗ ಬೇಕಾಗಲಿಲ್ಲ, ಒಂದು ಸುಳ್ಳು ಸಾಕಾಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ನನಗೆ ಇಡೀ ಆಯುಸ್ಸು — ಇಲ್ಲ, ಹಾಗೆ ಬರೆದರೆ ಆಯುಸ್ಸಿಡೀ ಪ್ರಯತ್ನಪಟ್ಟೆ ಅಂದಂತಾಗುತ್ತದೆ. ಪ್ರಯತ್ನಪಡಲಿಲ್ಲ. ಸುಮ್ಮನಿದ್ದೆ.

ಕೂತು ಬರೆಯುವುದು ನನ್ನಿಂದಾಗದ ಕೆಲಸ. ಇಷ್ಟು ಬರೆಯುವುದರೊಳಗೆ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡಿಗೆಮನೆಗೆ ಹೋಗಿ ನೋಡಿದೆ. ಇವಳ ಕಾಲಲ್ಲಿ ಚಕ್ರ ಇದೆ ಎಂದು ಅವ್ವ ನನ್ನನ್ನು ಚಿಕ್ಕಂದಿನಿಂದ ಬೈಯುತ್ತಿದ್ದಳು. ಚಕ್ರ ಇದ್ದದ್ದು ನಿಜ. ಆದರೆ ನನಗೊಬ್ಬಳಿಗೇ ಅಲ್ಲ, ಅತ್ತಿಗೆಗೂ ಇತ್ತು. ಈ ಕತೆಯ ಸಂಕಟವೇ ಅದು.

ಕೊಡಗು ಇನ್ನೂ ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದ ಕಾಲ. ನಮ್ಮ ಮನೆ ಸೋಮವಾರಪೇಟೆಯಿಂದ ಗುಡ್ಡದ ಕಡೆಗೆ, ಗದ್ದೆಯ ಏರಿಯ ಮೇಲೆ. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಗಂಡಸರು ಜಗಲಿಯಲ್ಲಿ ಕೂತು ಗಂಟಲು ಹರಿದುಕೊಳ್ಳುತ್ತಿದ್ದಾಗಲೇ ನಮ್ಮ ಮನೆಗೆ ಮೈಸೂರು ಬಂದು ಸೇರಿಯಾಗಿತ್ತು. ಅಣ್ಣ ಹಾಸನದ ಕಡೆಯ ಬಯಲಿನಿಂದ ಪಾರ್ವತಿ ಅತ್ತಿಗೆಯನ್ನು ಮದುವೆಯಾಗಿ ಕರೆತಂದಿದ್ದ. ನನಗಿಂತ ಎರಡೋ ಮೂರೋ ವರ್ಷಕ್ಕೆ ದೊಡ್ಡವರು. ಬಂದ ಹೊಸದರಲ್ಲಿ ಹಿತ್ತಲಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದರು. ಯಾಕೆ ಅತ್ತಿಗೆ ಅಂದರೆ, "ಇಲ್ಲಿ ಕಣ್ಣು ಎಲ್ಲಿಗೂ ಹೋಗಲ್ವಲ್ಲೇ ಕಮ್ಲಿ. ಮರ ಬಿಟ್ರೆ ಮರ" ಅಂದಿದ್ದರು.

"ಕಣ್ಣು ಹೋಗ್ದಿದ್ರೆ ಕಾಲು ಹೋಗ್ತದೆ, ಬಾ" ಅಂದೆ ನಾನು. ಹಾಗೆ ಶುರುವಾಯಿತು ನಮ್ಮ ತಿರುಗಾಟ.

ಹೆಂಗಸರು ಸುಮ್ಮನೆ ತಿರುಗಾಡಲು ಹೋಗುವುದು ಅಂತ ಒಂದು ಇರಲಿಲ್ಲ ಆಗ. ಬುಟ್ಟಿ ಹಿಡಿದು ಹೊರಟರೆ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಹೋಗುವಾಗ ಖಾಲಿ ಇದ್ದರೂ ಬರುವಾಗ ಬುಟ್ಟಿಯಲ್ಲಿ ಏನಾದರೂ ಇರಲೇಬೇಕು — ಸೊಪ್ಪೋ, ಎಳೆಬಿದಿರಿನ ಕಣಿಲೆಯೋ, ಕಾಡುಮಾವೋ, ಕೊನೆಗೆ ನಾಲ್ಕು ಕಡ್ಡಿ ಸೌದೆಯೋ. ಖಾಲಿ ಬುಟ್ಟಿ ಮನೆಗೆ ತರಬಾರದು ಎಂದು ಅವ್ವ ಹೇಳುತ್ತಿದ್ದಳು, ಶುಭವಲ್ಲವಂತೆ. ನಮಗದು ಒಳ್ಳೆಯದೇ ಆಯಿತು. ಗುಡ್ಡದ ನೆತ್ತಿಯವರೆಗೆ ಹೋಗಿ ಗಾಳಿಗೆ ಕೂತಿದ್ದು, ಮನೆ ಹತ್ತಿರ ಬಂದಾಗ ಓಣಿಯಲ್ಲಿ ಕೈಗೆ ಸಿಕ್ಕ ಸೊಪ್ಪು ಕಿತ್ತು ಬುಟ್ಟಿಗೆ ತುಂಬುತ್ತಿದ್ದೆವು. ಅವ್ವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಬೇಸಗೆಯ ಮೊದಲ ಮಳೆ ಬಿದ್ದು ದೊರೆಗಳ ತೋಟದಲ್ಲಿ ಕಾಫಿ ಹೂವರಳಿದರೆ ಬೇಲಿಯಾಚೆ ನಿಂತು ಮೂಗಿನ ತುಂಬ ವಾಸನೆ ಎಳೆದುಕೊಳ್ಳುತ್ತಿದ್ದೆವು. ನೇರಳೆ ಹಣ್ಣಾದಾಗ ನಾಲಿಗೆ ಕಪ್ಪು ಮಾಡಿಕೊಂಡು ಬಂದು ಬೈಸಿಕೊಳ್ಳುತ್ತಿದ್ದೆವು. ಭತ್ತ ತೆನೆಗೆ ಬಂದಾಗ ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲಿಗೆ ಸುಣ್ಣ ಬಳಿದುಕೊಂಡು, ಆದರೂ ಇಂಬಳ ಅನ್ನುವ ಕಾಡುಜಿಗಣೆಯಿಂದ ಕಚ್ಚಿಸಿಕೊಂಡು. ಮೊದಲ ಸಲ ಇಂಬಳ ಕಂಡಾಗ ಅತ್ತಿಗೆ ಹಾಕಿದ ಕೂಗಿಗೆ ಕೆಳಗಿನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಹುಲಿ ಬಂತೆಂದು ಓಡಿಬಂದಿದ್ದರು. ಮರುವರ್ಷ ಅದೇ ಅತ್ತಿಗೆ ಮಾತಾಡುತ್ತ ಮಾತಾಡುತ್ತಲೇ ಇಂಬಳವನ್ನು ಕಿತ್ತು ಬಿಸಾಡುತ್ತಿದ್ದರು. ಬೇಗ ಕಲಿತರು. ನನಗೆ ಹೆಮ್ಮೆ ಆಗುತ್ತಿತ್ತು — ಮೊದಮೊದಲು.

ನಮ್ಮ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ, ದನ ಮೇಯುವ ಗುಡ್ಡದಲ್ಲಿ, ಒಂದು ಹುತ್ತವಿತ್ತು. ಮಳೆಗಾಲದಲ್ಲಿ ಅದರ ಸುತ್ತ ಅಣಬೆ ಏಳುತ್ತಿತ್ತು. ಅಣಬೆಯ ಜಾಗ ಯಾರೂ ಯಾರಿಗೂ ಹೇಳುವುದಿಲ್ಲ ನಮ್ಮಲ್ಲಿ. ಹೇಳಿದರೆ ಮುಂದಿನ ವರ್ಷ ಏಳುವುದಿಲ್ಲ ಅಂತ ನಂಬಿಕೆ. ಅವ್ವನ ಜಾಗ ನನಗೆ ಗೊತ್ತಿರಲಿಲ್ಲ, ನನ್ನದು ಅವ್ವನಿಗೆ ಗೊತ್ತಿರಲಿಲ್ಲ. ಆ ಹುತ್ತವನ್ನು ಅತ್ತಿಗೆಗೆ ತೋರಿಸಿದೆ. ಬೇರೆ ಯಾರಿಗೂ ಕೊಡದ್ದನ್ನು ಕೊಟ್ಟೆ ಅವರಿಗೆ. "ಯಾರಿಗೂ ಹೇಳಲ್ಲ ಅಂತ ಆಣೆ ಹಾಕು" ಅಂದೆ. ನನ್ನ ತಲೆ ಮುಟ್ಟಿ ಆಣೆ ಹಾಕಿದರು.

ಹುತ್ತ ದಾಟಿ ಇನ್ನೂ ಒಂದಷ್ಟು ದೂರ ಹೋದರೆ, ಒಂದು ಹಳ್ಳದಾಚೆ, ದೇವರಕಾಡು. ಅಯ್ಯಪ್ಪನ ಕಾಡು. ಅಲ್ಲಿಂದ ಒಣಗಿದ ಕಡ್ಡಿಯನ್ನೂ ತರುವಂತಿಲ್ಲ. ಹೆಂಗಸರು ಒಳಗೆ ಕಾಲಿಡುವಂತಿಲ್ಲ, ಅಂಚಿನ ಮರದ ಬುಡದಲ್ಲಿ ಕೈಮುಗಿದು ಬರಬೇಕು. ತಪ್ಪಾದವರು ಅಲ್ಲಿ ಮಣ್ಣಿನ ನಾಯಿ ಇಟ್ಟು ಹರಕೆ ತೀರಿಸುತ್ತಾರೆ — ಬೇಟೆಯ ದೇವರಿಗೆ ನಾಯಿ. ಕಾಡಿಗೆ ಬೇಲಿಯಿಲ್ಲ, ಕಲ್ಲು ನೆಟ್ಟಿಲ್ಲ. ಎಲ್ಲಿಂದ ಶುರು ಎನ್ನುವುದು ಅಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತು. ಬಯಲಿನಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು? ಈ ಮಾತನ್ನು ನೆನಪಿಡಿ. ನನಗೆ ಇದು ಹೊಳೆದದ್ದು ಬಹಳ ತಡವಾಗಿ.

ಅತ್ತಿಗೆ ಬಂದ ಎರಡನೆಯ ಮಳೆಗಾಲ. ನಾನು ಮುಟ್ಟಾಗಿ ಹೊರಗೆ ಕೂತಿದ್ದೆ. ಹಿಂದಿನ ದಿನ ಗುಡುಗಿತ್ತು. ಅಣಬೆ ಎದ್ದಿರುತ್ತದೆ ಎಂದು ನನ್ನ ಕಾಲು ತುರಿಸುತ್ತಿತ್ತು, ಕೊಟ್ಟಿಗೆಯ ಪಕ್ಕದ ಚಾವಡಿಯಿಂದ ಏಳುವಂತಿರಲಿಲ್ಲ. ಅತ್ತಿಗೆ ಬುಟ್ಟಿ ತೆಗೆದುಕೊಂಡು ಒಬ್ಬರೇ ಹೋದರು. ನನ್ನನ್ನು ಕೇಳಲಿಲ್ಲ. ಕೇಳಬೇಕಾಗಿತ್ತೇ? ಗೊತ್ತಿಲ್ಲ. ತಿರುಗಿ ಬಂದಾಗ ಬುಟ್ಟಿ ತುಂಬಿ ಮೇಲೆ ಸೆರಗಿನಲ್ಲೂ ಅಣಬೆ, ಮುಖ ಅರಳಿತ್ತು. ಮನೆಗೆ ಮನೆಯೇ ಅಂಗಳಕ್ಕೆ ಬಂತು.

ಅವ್ವ ಮೂಗಿನ ಮೇಲೆ ಬೆರಳಿಟ್ಟಳು. "ನೋಡೇ ಕಮ್ಲಿ, ಬಯಲುಸೀಮೆಯವಳಿಗೆ ಎರಡೇ ವರ್ಷಕ್ಕೆ ಕಾಡು ಒಲಿದುಬಿಡ್ತು. ನೀನೂ ಇದೀಯ, ಹುಟ್ಟಿದಾಗಿಂದ ಅಲೀತಾ. ಒಂದ್ ದಿನ ಇಷ್ಟು ತಂದಿದೀಯಾ?"

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಅವ್ವ ಕೇಳಿದಳು, "ಎಲ್ಲಿ ಸಿಕ್ತು ಪಾರ್ವತಿ?"

ಅತ್ತಿಗೆ ನನ್ನ ಕಡೆ ಕಳ್ಳನೋಟ ನೋಡಿ, "ಅದೊಂದ್ ಹೇಳಂಗಿಲ್ಲ ಅತ್ತೆ" ಅಂದರು.

ನನ್ನ ಆಣೆಯನ್ನು ಉಳಿಸಿಕೊಳ್ಳುತ್ತಿದ್ದರು ಅವರು. ನನಗೆ ಮಾತ್ರ — ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ನನ್ನ ಹುತ್ತ, ನನ್ನ ದಾರಿ, ನನ್ನ ಅಣಬೆ, ಹೊಗಳಿಕೆ ಅವರಿಗೆ. ಚಾವಡಿಯಿಂದಲೇ ಹೇಳಿದೆ: "ದೇವರಕಾಡಿನ ಒಳಗಿಂದ ತಂದಿರ್ತಾಳೆ. ಆ ಕಡೆಯಿಂದಲೇ ಬಂದಂಗಾಯ್ತು."

ಅಂಗಳದಲ್ಲಿ ನಗು ನಿಂತಿತು. ಅತ್ತಿಗೆ ನನ್ನನ್ನೇ ನೋಡಿದರು. ಅವರು ಇಲ್ಲ ಅನ್ನುತ್ತಾರೆ, ಜಗಳವಾಗುತ್ತದೆ, ಅವರ ಖುಷಿ ಅಷ್ಟು ಹಾಳಾದರೆ ಸಾಕು — ನನ್ನ ಲೆಕ್ಕ ಇದ್ದದ್ದು ಇಷ್ಟೇ. ನಾನು ತಲೆ ತಗ್ಗಿಸಿ ನೆಲ ಕೆರೆಯುತ್ತ ಕೂತೆ. ಅವ್ವ "ಹೌದಾ ಪಾರ್ವತಿ?" ಅಂದಳು.

"ಗೊತ್ತಾಗ್ಲಿಲ್ಲ ಅತ್ತೆ" ಅಂದರು ಅತ್ತಿಗೆ. "ತಪ್ಪಾಯ್ತು."

ನನಗೆ ಆಶ್ಚರ್ಯವಾಯಿತು. ಯಾಕೆ ಒಪ್ಪಿಕೊಂಡರು? ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ — ಆಡಿದ್ದು ನಾನು, ಒಡೆದದ್ದು ಇನ್ನೊಬ್ಬರ ಬದುಕು. ಅಣಬೆಯೆಲ್ಲ ತಿಪ್ಪೆಗೆ ಹೋಯಿತು. ಅಣ್ಣ ಸಂತೆಯಿಂದ ಮಣ್ಣಿನ ನಾಯಿ ತಂದು ಕಾಡಿನ ಅಂಚಿನಲ್ಲಿಟ್ಟು ತಪ್ಪುಕಾಣಿಕೆ ಕಟ್ಟಿ ಬಂದ. ಇನ್ನು ಅಂಗಳ, ಹಿತ್ತಲು, ಕೆಳಗಿನ ಗದ್ದೆ, ಅದರಾಚೆ ಹೋಗಕೂಡದು ಎಂದು ಅವ್ವ ಹೇಳಿದಳು. ಅವ್ವನ ಕೋಪ ಹಬ್ಬದವರೆಗೂ ಉಳಿಯುವಂಥದ್ದಲ್ಲ, ಬೇಸಗೆಯ ಹೊತ್ತಿಗೆ ನಾನೇ ಹೇಗಾದರೂ ಬುಟ್ಟಿ ಕೊಟ್ಟು ಕರೆದುಕೊಂಡು ಹೋಗುತ್ತೇನೆ ಅಂದುಕೊಂಡಿದ್ದೆ.

ಮಳೆ ನಿಲ್ಲುವ ಹೊತ್ತಿಗೆ ಅತ್ತಿಗೆಗೆ ಆಗಷ್ಟೇ ನಿಂತಿದ್ದ ಬಸಿರು ಇಳಿದುಹೋಯಿತು. ಆಮೇಲೆ ಯಾರೂ ಯಾರನ್ನೂ ತಡೆಯುವ ಅಗತ್ಯ ಬೀಳಲಿಲ್ಲ. ಅವರೇ ಹೋಗಲಿಲ್ಲ. ಕಾಫಿ ಹೂವಾದಾಗ ಬಾ ಅತ್ತಿಗೆ ಅಂದೆ. ತಲೆ ಅಲ್ಲಾಡಿಸಿದರು.

ನನ್ನನ್ನು ಕೊಟ್ಟದ್ದು ಪಕ್ಕದೂರಿಗೆ, ಗುಡ್ಡ ಹತ್ತಿ ಇಳಿದರೆ ತವರು. ನಾನು ಮಾತ್ರ ತಿರುಗುತ್ತಲೇ ಇದ್ದೆ, ಮಕ್ಕಳನ್ನು ಕಂಕುಳಲ್ಲಿ ಹಾಕಿಕೊಂಡು, ಆಮೇಲೆ ಮೊಮ್ಮಕ್ಕಳನ್ನು ಕಟ್ಟಿಕೊಂಡು. ತವರಿಗೆ ಹೋಗುವ ದಾರಿ ದೇವರಕಾಡಿನ ಅಂಚಿನಲ್ಲೇ. ಪ್ರತಿ ಮಳೆಗಾಲ ಕಳೆದ ಮೇಲೆ ಅಲ್ಲಿ ಒಂದು ಹೊಸ ಮಣ್ಣಿನ ನಾಯಿ ಬಂದಿರುತ್ತಿತ್ತು. ಅತ್ತಿಗೆಯದು, ಅಣ್ಣನ ಕೈಯಲ್ಲಿ ಇಡಿಸಿದ್ದು. ಹಳೆಯವುಗಳಿಗೆ ಪಾಚಿ ಕಟ್ಟಿ, ಕಿವಿ ಮುರಿದು, ಕೆಲವು ಮಣ್ಣಿಗೇ ಸೇರಿಹೋಗಿದ್ದವು. ಆ ಜಾಗ ಬಂದಾಗ ನಾನು ಬೇಗ ಬೇಗ ನಡೆಯುತ್ತಿದ್ದೆ.

ಒಂದು ಬೇಸಗೆಯಲ್ಲಿ, ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಜಗಲಿಯಲ್ಲಿ ಇಬ್ಬರೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆವು. ಅತ್ತಿಗೆ ತಟ್ಟನೆ ಹೇಳಿದರು: "ಅವತ್ತು ನಿನ್ನ ಹೆಸರು ಹೇಳ್ಲಿಲ್ಲ ಕಣೆ ನಾನು. ಆ ಹುತ್ತ ದೇವರಕಾಡಿಗೆ ಸೇರಿದ್ದು ಅಂತ ನಿಂಗೂ ಮೊದ್ಲು ಗೊತ್ತಿರ್ಲಿಲ್ಲ, ಅಲ್ವಾ? ಎಷ್ಟು ವರ್ಷದಿಂದ ಅಲ್ಲಿಂದ ಕಿತ್ತಿದ್ಯೋ ಏನೋ, ಪಾಪ, ಚಿಕ್ಕೋಳು. ನಾಯಿ ಇಡಿಸೋವಾಗ ನಿನ್ನ ಪಾಲಿಂದೂ ಸೇರಿಸೇ ಬೇಡ್ಕೊಳ್ತೀನಿ. ನಿನ್ನ ಮಕ್ಕಳು ಚೆನ್ನಾಗಿರ್ಲಿ ಅಂತ."

ಹುಣಸೆಹಣ್ಣು ಕೈಗೆ ಅಂಟಿಕೊಂಡಿತು. ಆಗ ಅರ್ಥವಾಯಿತು ನನಗೆ. ಅವರು ನನ್ನ ಸುಳ್ಳನ್ನು ನಂಬಿದ್ದರು. ಕಾಡಿನ ಹುಡುಗಿ ಹೇಳಿದಳು, ಹಾಗಾದರೆ ಗಡಿ ಅಲ್ಲೇ ಇರಬೇಕು ಎಂದು ನಂಬಿದ್ದರು. ನಮ್ಮಿಬ್ಬರ ತಪ್ಪನ್ನೂ ಒಬ್ಬರೇ ಹೊತ್ತಿದ್ದರು. ಹೋದ ಮಗುವನ್ನೂ ಆ ತಪ್ಪಿನ ಲೆಕ್ಕಕ್ಕೇ ಸೇರಿಸಿಕೊಂಡು — ನಾನು ಏನಂದೆ ಗೊತ್ತೇ? "ಹ್ಞೂಂ" ಅಂದೆ. ಮೊದಲನೆಯ ಸುಳ್ಳು ಹೇಳಿದಾಗ ಹುಡುಗಿ. ಈ "ಹ್ಞೂಂ" ಅಂದಾಗ ನಾಲ್ಕು ಮಕ್ಕಳ ತಾಯಿ. ಎರಡನೆಯದಕ್ಕೆ ನನಗೆ ಕ್ಷಮೆ ಇಲ್ಲ. ಮೊದಲನೆಯದಕ್ಕೂ ಕೇಳುತ್ತಿಲ್ಲ.

ಈ ವರ್ಷ ಮಳೆ ಬಿಟ್ಟ ಮೇಲೆ ತವರಿಗೆ ಹೋದೆ. ಅಣ್ಣ ಈಗಿಲ್ಲ. ಅತ್ತಿಗೆಯ ಮಂಡಿ ಸೋತು ಗೋಡೆ ಹಿಡಿದು ನಡೆಯುತ್ತಾರೆ. ಆಮೇಲೆ ಹುಟ್ಟಿದ ಅವರ ಮಗ ಕಾಫಿ ಹಣ್ಣು ಕೀಳಿಸುವ ಪಿಕಿಂಗಿನ ಗಡಿಬಿಡಿಯಲ್ಲಿದ್ದ. ಅತ್ತಿಗೆ ಹೊಸ ಮಣ್ಣಿನ ನಾಯಿಯನ್ನು ನನ್ನ ಕೈಗೆ ಕೊಟ್ಟು, "ಈ ಸಲ ನೀನೇ ಇಟ್ಟು ಬಂದ್ಬಿಡೆ. ನಿನ್ನ ಕಾಲು ಇನ್ನೂ ಗಟ್ಟಿ" ಅಂದರು.

ಬುಟ್ಟಿಯಲ್ಲಿಟ್ಟುಕೊಂಡು ಹೋದೆ. ಹುತ್ತದ ಹತ್ತಿರ ನಿಂತೆ, ಹಳ್ಳ ದಾಟಿದೆ, ಅಂಚಿನ ಮರದ ಬುಡಕ್ಕೆ ಬಂದೆ. ಆ ನಾಯಿಗಳೆಲ್ಲ ಸಾಲಾಗಿ ಕೂತಿದ್ದವು. ಇಡಲು ಬಗ್ಗಿದೆ. ಆಗಲಿಲ್ಲ. ಮತ್ತೆ ಬಗ್ಗಿದೆ. ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಸುಮ್ಮನೆ ಓಡಾಡಿದೆ. ಕೊನೆಗೆ ಬುಟ್ಟಿಯಲ್ಲಿ ಅದೇ ನಾಯಿಯನ್ನು ಹೊತ್ತುಕೊಂಡು ತಿರುಗಿ ಬಂದೆ. ಅತ್ತಿಗೆಯ ಮುಂದೆ ಜಗಲಿಯ ಮೇಲಿಟ್ಟೆ.

"ಯಾಕೆ ವಾಪಸ್ ತಂದೆ?" ಅಂದರು.

ಹೇಳಿದೆ. ಹುತ್ತ ನಮ್ಮ ಬಾಣೆಯದು, ಹಳ್ಳದ ಈಚೆಯದು, ದೇವರಕಾಡಿಗೂ ಅದಕ್ಕೂ ಸಂಬಂಧವಿಲ್ಲ. ನನಗೆ ಅವತ್ತೂ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಹೇಳಿದೆ. ಕೂರಲು ಆಗದೆ ನಿಂತೇ ಹೇಳಿದೆ.

ಬೈಯುತ್ತಾರೆ ಎಂದು ಕಾದೆ. ಮಗುವಿನ ಮಾತು ತೆಗೆಯುತ್ತಾರೆ ಎಂದು ಕಾದೆ. ಅತ್ತಿಗೆ ನಾಯಿಯ ಬೆನ್ನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದರು. ಆಮೇಲೆ ತಲೆಯೆತ್ತಿ, ಗದ್ದೆಯಾಚೆ, ಓಣಿ ಗುಡ್ಡಕ್ಕೆ ಹತ್ತುವ ಕಡೆ ನೋಡಿದರು.

"ಹಂಗಾದ್ರೆ ನಾನು ಹೋಗ್ಬಹುದಿತ್ತಾ, ಕಮ್ಲಿ?" ಅಂದರು. "ಇಷ್ಟು ವರ್ಷವೂ?"

"ಹೂಂ ಅತ್ತಿಗೆ" ಅಂದೆ. "ಹೋಗ್ಬಹುದಿತ್ತು."

ಅತ್ತಿಗೆ ಎರಡೂ ಕೈಯಿಂದ ಮಂಡಿ ನೀವಿಕೊಳ್ಳುತ್ತ ಆ ಕಡೆಯೇ ನೋಡುತ್ತ ಕೂತರು.