ಷರಾ ಬರೆಯುವ ಜಾಗ

ಫಾರಮ್ಮಿನಲ್ಲಿ ಬರೆಯಲು ಖಾಲಿ ಜಾಗ ಬಿಡುವುದೆಂದರೆ ನನಗೆ ಆಗದು. ನಾನು ವೆಬ್ ಅಪ್ಲಿಕೇಶನ್ ಮಾಡುವವಳು. ಜನರಿಗೆ ಬರೆಯಲು ಜಾಗ ಕೊಟ್ಟರೆ ಮನಸ್ಸಿಗೆ ಬಂದದ್ದು ಬರೆಯುತ್ತಾರೆ; ಪಟ್ಟಿ ಕೊಟ್ಟು ಇದರಲ್ಲೊಂದು ಆರಿಸಿ ಅಂದರೆ ತೆಪ್ಪಗೆ ಆರಿಸುತ್ತಾರೆ. ದಟ್ಟಗಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿರುವ ನನ್ನ ಎರಡು ಕೋಣೆಯ ಆಫೀಸಿನಲ್ಲಿ ಕೂತು ಈ ಸಿದ್ಧಾಂತವನ್ನು ವರ್ಷಗಟ್ಟಲೆ ಬೋಧಿಸಿದ್ದೇನೆ. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸಿಲ್ಲ, ಅಷ್ಟೆ.

ಹಾಗಾಗಿ, ಸೇತುವೆಗಳ ತಪಾಸಣೆಯ ದಾಖಲೆ ಇಡಲು ಒಂದು ಅಪ್ಲಿಕೇಶನ್ ಬೇಕೆಂದು ಇಂಜಿನಿಯರಿಂಗ್ ಕಚೇರಿಯೊಂದು ಕರೆದಾಗ ಹಿಗ್ಗಿಹೋದೆ. ಅಲ್ಲಿನ ಹಳೆಯ ರಿಜಿಸ್ಟರಿನಲ್ಲಿ ಸೇತುವೆಗೊಂದು ಪುಟ. ಕಂಬ, ಹಾಸು, ತಡೆಗೋಡೆ, ಬಿರುಕು, ಒಂದೊಂದಕ್ಕೂ ಒಂದು ಕಾಲಂ, ಎಲ್ಲದರಲ್ಲೂ ‘ಸುಸ್ಥಿತಿಯಲ್ಲಿದೆ’. ಕೊನೆಯಲ್ಲಿ ಷರಾ ಅಂತ ಅಗಲವಾದ ಒಂದು ಕಾಲಂ. ನಿಜವಾದ ಮಾತೆಲ್ಲ ಅಲ್ಲಿತ್ತು. ‘ಲಾರಿ ಹೋದರೆ ಅದುರುತ್ತದೆ, ಎಮ್ಮೆ ಹೋದರೆ ಇಲ್ಲ.’ ‘ಜೇನು ಕಟ್ಟಿರುವುದರಿಂದ ಕೆಳಗೆ ಇಳಿದು ನೋಡಿರುವುದಿಲ್ಲ.’ ಊರಾಚೆ ನಾಲೆಯ ಮೇಲಿನ ಹಳೆಯ ಕಲ್ಲು ಸೇತುವೆಯೊಂದರ ಪುಟದಲ್ಲಂತೂ ವರ್ಷ ವರ್ಷವೂ ಒಂದೇ ಕೈಬರಹದಲ್ಲಿ ಒಂದೇ ವಾಕ್ಯ: ‘ಬಳೆ ಒಡೆದಿಲ್ಲ.’

ಸೇತುವೆಗೆ ಬಳೆ ತೊಡಿಸಿದವರು ಯಾರು? ಯಾರೋ ಮನೆಯ ಜಗಳವನ್ನು ಸರ್ಕಾರಿ ಪುಸ್ತಕಕ್ಕೆ ಇಳಿಸಿದ್ದಾರೆ ಅಂದುಕೊಂಡು ನಕ್ಕೆ. ಷರಾ ಕಾಲಮ್ಮನ್ನೇ ಕಿತ್ತುಹಾಕಿದೆ. ಬಿರುಕು: ಇಲ್ಲ, ಸಣ್ಣದು, ದೊಡ್ಡದು. ಸ್ಥಿತಿ: ಉತ್ತಮ, ಸಾಧಾರಣ, ಶಿಥಿಲ. ಶಿಥಿಲ ಅಂದರೆ ಕಾರಣವನ್ನೂ ಪಟ್ಟಿಯಿಂದಲೇ ಆರಿಸಬೇಕು. ಕಚೇರಿಯ ಸಾಹೇಬರಿಗೆ ಬಹಳ ಹಿಡಿಸಿತು.

“ಅಂದ್ರೆ ಇನ್ಮೇಲೆ ಯಾರೂ ಕತೆ ಬರೆಯೋ ಹಾಗಿಲ್ಲ, ಅಲ್ವೇನ್ರೀ?”

“ಒಂದಕ್ಷರವೂ ಇಲ್ಲ ಸಾರ್,” ಅಂದೆ, ಏನೋ ಸಾಧಿಸಿದವಳ ಹಾಗೆ.

ಪರೀಕ್ಷೆ ಮಾಡಿ ನೋಡಲು ಒಬ್ಬ ಹಿರಿಯ ವರ್ಕ್ ಇನ್‌ಸ್ಪೆಕ್ಟರ್ ಜೊತೆ ನನ್ನನ್ನು ಕಳಿಸಿದರು. ಬನ್ನಿಮಂಟಪದ ಕಡೆಯವರು, ಆ ತಿಂಗಳ ಕೊನೆಗೇ ನಿವೃತ್ತಿ. ಅವರ ಮೊಪೆಡ್ಡಿನ ಹಿಂದೆ ನನ್ನ ಸ್ಕೂಟರು. ಹೋಗಿ ನಿಂತದ್ದು ಅದೇ ಕಲ್ಲು ಸೇತುವೆಗೆ. ಪಂಚಾಂಗ ನೋಡಿಕೊಂಡು ಹೊರಟಿದ್ದರೂ ಇಷ್ಟು ಚೆನ್ನಾಗಿ ಅವಮಾನವಾಗುತ್ತಿರಲಿಲ್ಲ.

ಕೆಳಗಿಳಿದರೆ ಕಮಾನಿನಲ್ಲಿ ಒಂದು ಬಿರುಕು. ಅದರ ಮೇಲೆ ಅಡ್ಡಲಾಗಿ ಒಂದು ಹಸಿರು ಬಳೆಚೂರು, ಎರಡೂ ತುದಿಗೆ ಸಿಮೆಂಟು ಮೆತ್ತಿತ್ತು.

“ಬಿರುಕು ಒಸಿ ಬಾಯಿ ಬುಟ್ರೂ ಮೊದ್ಲು ಬಳೆ ಒಡೀತದೆ ಕಣಮ್ಮ,” ಅಂದರು. “ಗಾಜು ಸುಳ್ಳೇಳಕಿಲ್ಲ. ನಮ್ಮನೆಯವಳ ಬಳೆದು. ಅವಳ ಕೈನಾಗೆ ಒಂದು ವಾರ ಬಾಳಿಕೆ ಬರ್ತಿರ್ನಿಲ್ಲ, ಇಲ್ಲಿ ಒಂಬತ್ತು ವರ್ಸ ಬಂತು.”

ಒಂಬತ್ತು ವರ್ಷದ ಅಳತೆಯನ್ನು ನಾನು ಮನೆ ಜಗಳವೆಂದು ಅಳಿಸಿಹಾಕಿದ್ದೆ. ಅವರು ಇನ್ನೂ ಹತ್ತಿರ ಹೋಗಿ, ಕನ್ನಡಕ ಏರಿಸಿಕೊಂಡು ನೋಡಿದರು. ಚೂರು ನಡುವೆ ತುಂಡಾಗಿತ್ತು.

ಅವರ ಕಷ್ಟ ನನಗೂ ಗೊತ್ತಿತ್ತು. ಆ ಕಚೇರಿಯಲ್ಲಿ ಕೆಟ್ಟದ್ದನ್ನು ಬರೆದವನ ತಲೆಗೇ ಅದು ಬರುತ್ತದೆ. ‘ಸಾಧಾರಣ’ ಎಂದು ಒತ್ತಿದರೆ ಹಾರ ಹಾಕಿಸಿಕೊಂಡು ನಗುನಗುತ್ತ ಮನೆಗೆ. ‘ಶಿಥಿಲ’ ಎಂದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಅವರನ್ನೇ ಕೇಳುತ್ತಾರೆ. ಇತ್ತ ಕಲ್ಲುಕೋರೆಯ ಲಾರಿಗಳು ಒಂದರ ಹಿಂದೊಂದು ನಮ್ಮ ನೆತ್ತಿಯ ಮೇಲೇ ಹೋಗುತ್ತಿದ್ದವು.

ಶಿಥಿಲ ಅಂತ ಒತ್ತಿದರು. ನನ್ನ ಘನವಾದ ಅಪ್ಲಿಕೇಶನ್ ಕಾರಣ ಕೇಳಿತು: ಪ್ರವಾಹ, ಅಪಘಾತ, ಗಿಡ ಬೆಳೆದಿದೆ. ಬಿರುಕಿನ ಅಳತೆಗೆ ಹೋದರೆ, ಸಣ್ಣದು, ದೊಡ್ಡದು.

“ಕೂದಲೆಳೆಯಷ್ಟೈತೆ. ದೊಡ್ಡದು ಅಂದ್ರೆ ಸುಳ್ಳಾಯ್ತದೆ, ಸಣ್ಣದು ಅಂದ್ರೆ ಯಾರೂ ಬರಕಿಲ್ಲ. ಬೆಳೀತಾ ಐತೆ ಅನ್ನೋದನ್ನ ಎಲ್ಲಿ ಬರೀಲಿ ತಾಯಿ?”

ಬರೆಯಲು ಜಾಗವಿರಲಿಲ್ಲ. ಹಾಗೇ ಕಳಿಸಲು ಹೋದರೆ ಕೆಂಪಕ್ಷರದಲ್ಲಿ ‘ದಯವಿಟ್ಟು ಪಟ್ಟಿಯಿಂದ ಆರಿಸಿ’ ಎಂದು ಬಂತು.

“ಪಾಪ, ದಯವಿಟ್ಟು ಅಂತಾ ಐತೆ,” ಅಂದರು.

ನಾಲೆಯ ದಂಡೆಯಲ್ಲೇ ಕುಕ್ಕರಿಸಿ ಲ್ಯಾಪ್‌ಟಾಪ್ ತೆಗೆದೆ. ಬಿಸಿಲಿಗೆ ಏನೂ ಕಾಣದು. ಅವರು ಹೆಗಲ ಮೇಲಿನ ಟವೆಲ್ಲನ್ನು ಚಪ್ಪರದಂತೆ ಹಿಡಿದು ನಿಂತರು. ಬೇರೆಯವರಾಗಿದ್ದರೆ ಎರಡು ವಾರದ ಕೆಲಸ ಎಂದು ಹೇಳುತ್ತಿದ್ದೆ. ಅರ್ಧ ಗಂಟೆ ಹಿಡಿಯಲಿಲ್ಲ. ಪಟ್ಟಿಯಿಂದಲೇ ಆರಿಸಬೇಕೆಂಬ ಕಟ್ಟು ಹೋಯಿತು, ಫಾರಮ್ಮಿನ ಕೊನೆಯಲ್ಲಿ ಷರಾ ಬಂದು ಕೂತಿತು. ಅವರು ಒಂದೇ ಬೆರಳಿನಲ್ಲಿ ಕುಟ್ಟಿದರು: ‘ಬಳೆ ಒಡೆದಿದೆ. ಬಿರುಕು ಬೆಳೆಯುತ್ತಿದೆ. ಭಾರಿ ವಾಹನ ಬಿಡಕೂಡದು.’ ಒತ್ತುವ ಮುಂಚೆ ನನ್ನ ಮುಖ ನೋಡಿದರು. ಒತ್ತಿ ಎನ್ನಲು ನನಗೆ ಧೈರ್ಯ ಸಾಲಲಿಲ್ಲ; ಕಳೆದುಕೊಳ್ಳುವುದೆಲ್ಲ ಅವರದ್ದಾಗಿತ್ತು. ಅವರೇ ಒತ್ತಿದರು.

ಮರುದಿನ ಬೆಳಿಗ್ಗೆ ಸಾಹೇಬರ ಫೋನು.

“ಏನ್ರೀ ಇದು, ಬಳೆ ಗಿಳೆ! ಅದನ್ನ ಅಳಿಸಿ, ಆ ಜಾಗವನ್ನೂ ತೆಗೀರಿ.”

“ತೆಗೆಯೋಕಾಗಲ್ಲ ಸಾರ್, ಸಿಸ್ಟಮ್ ಬಿಡ್ತಿಲ್ಲ.”

ನಮ್ಮ ಕಸುಬಿನಲ್ಲಿ ಈ ಸುಳ್ಳನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತೇವೆ, ಸೋಮಾರಿತನಕ್ಕೆ. ಅವತ್ತು ಹೇಳಿದ್ದು ಸೋಮಾರಿತನಕ್ಕಲ್ಲ.

“ಮೇಲಿನ ಆಫೀಸಿಗೂ ಕಾಣುತ್ತಾ?”

“ಕಾಣುತ್ತೆ ಸಾರ್.” ಇದು ಮಾತ್ರ ನಿಜ.

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ, “ಜೀಪು ತೆಗೆಯಪ್ಪಾ,” ಎಂದು ಯಾರಿಗೋ ಕೂಗಿದ್ದು ಕೇಳಿಸಿತು.

ನಿವೃತ್ತಿಯ ದಿನ ಸಾಹೇಬರು ಎತ್ತಲೋ ನೋಡಿಕೊಂಡು ಹಾರ ಹಾಕಿದರಂತೆ. ಅದಾಗಿ ಮೂರನೇ ದಿನ ಇನ್‌ಸ್ಪೆಕ್ಟರರ ಫೋನು ಬಂತು. ಹಿಂದೆ ಲಾರಿಯ ಹಾರ್ನು, ಯಾರದೋ ಅಬ್ಬರ.

“ಸೇತ್ವೆ ಎರಡು ಕಡೆಗೂ ಅಡ್ಡ ಕಂಬಿ ಹಾಕವ್ರೆ ಕಣಮ್ಮ! ಲಾರಿ ಡ್ರೈವರ್ರು ಒಬ್ಬ ಇಲ್ಲಿ ನಿಂತ್ಕಂಡು, ಇದನ್ನ ಬರ್ದೋನ್ಗೆ ಬಾಯಿಗ್ ಬಂದಂಗೆ ಬಯ್ತಾವ್ನೆ.”

“ನೀವೇನಂದ್ರಿ ಸಾರ್?”

“ಬರ್ದೋನು ನಾನೇ ಕಣಪ್ಪಾ, ಇನ್ನೂ ಒಸಿ ಬಯ್ಯಿ ಅಂದೆ.”